ಪಕ್ಕದ ಸೀಟಿನ ಚೀಲ

ಜೂನ್ 11, ಇನಾರಿ, ಉತ್ತರ ಫಿನ್‌ಲೆಂಡ್

ಹೋದ ವರ್ಷ ಒಬ್ಬಳೇ ರೀಗಾ ಊರು ನೋಡಲು ಹೋಗಿ ಜಾರಿ ಬಿದ್ದಾಗ ಎಬ್ಬಿಸಲು ಯಾರೂ ಇರಲಿಲ್ಲ. ಅದಕ್ಕೇ ಮಗಳು ಹಟ ಹಿಡಿದು ಈ ಬಸ್ ಪ್ರವಾಸಕ್ಕೆ ನನ್ನ ಹೆಸರು ಬರೆಸಿದ್ದು. ಗುಂಪು ಎಂದರೆ ಹರಟೆ, ಹಾಡು, ಆಟ. ಎಪ್ಪತ್ತಮೂರರಲ್ಲಿ ಈ ಕರ್ಮ ಬೇಕಿತ್ತೇ ಎಂದು ವಾರವಿಡೀ ನಿದ್ದೆಗೆಟ್ಟಿದ್ದೆ.

ಬೆಳಿಗ್ಗೆ ಬಸ್ ಹತ್ತಿ ನೋಡಿದರೆ ಎಲ್ಲ ನನ್ನಂಥ, ತಮ್ಮ ಪಾಡಿಗೆ ತಾವಿರುವ ಫಿನ್ನರೇ! ಹದಿನೆಂಟು ಜನ, ಒಬ್ಬೊಬ್ಬರಿಗೂ ಒಂದು ಕಿಟಕಿ, ಪಕ್ಕದ ಸೀಟಿನಲ್ಲಿ ಕಾವಲಿಗೆ ಒಂದು ಚೀಲ.

"ಪರಿಚಯ ಮಾಡ್ಕೊಳ್ಳೋರು ಮಾಡ್ಕೊಳ್ಳಿ, ಬಲವಂತ ಏನಿಲ್ಲ," ಎಂದಳು ಗೈಡ್ ಐರಾ. ಯಾರೂ ಮಾಡಿಕೊಳ್ಳಲಿಲ್ಲ. ಅಬ್ಬಾ, ಹೋದ ಜೀವ ಬಂತು.

ಸಂಜೆ ಇಳಿಯುವಾಗ ಮೆಟ್ಟಿಲಲ್ಲಿ ಎಡವಿದೆ. ಹಿಂದಿನ ಸೀಟಿನ ಮುದುಕ ತೋಳು ಹಿಡಿದು ನಿಲ್ಲಿಸಿ, "ಮೆಲ್ಲಗೆ ಇಳೀರಿ," ಎಂದ. ಅಷ್ಟೇ. ಹೆಸರೂ ಕೇಳಲಿಲ್ಲ.

ನಾಳೆ ಚೀಲವನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ. ಅವನು ಬಂದು ಕೂರಲಿ ಅಂತಲ್ಲ, ಸುಮ್ಮನೆ...