ಬಾಗಿಲ ಮೇಲಿನ ಗಿಳಿಗಳು

ಗದಗ, ೨೧೯೪ನೇ ಇಸವಿ, ಫೆಬ್ರುವರಿ ಮೂವತ್ತು

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವಿಲ್ಲ, ನಮ್ಮದರಲ್ಲಿದೆ. ನೂರೆಪ್ಪತ್ತು ವರ್ಷ ಹಿಂದಿರುವ ನಿಮಗೆ ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಫಕೀರೇಶ. ಮನೆಗಳಿಗೆ ಮುಖಪದರ ಅಂಟಿಸುವುದು ನನ್ನ ಕಸುಬು.

ಮುಖಪದರವೆಂದರೆ ಮುಂಗೋಡೆಗೆ ಹೊದಿಸುವ ತೆಳ್ಳನೆಯ ಹಾಳೆ. ಬಣ್ಣ, ಕಂಬ, ಕಿಟಕಿಯ ಕೆತ್ತನೆ ಎಲ್ಲವೂ ಅದರ ಮೇಲೆ ಬೆಳಕಾಗಿ ಮೂಡುತ್ತವೆ. ಪ್ರತಿ ಸೋಮವಾರ ಓಣಿಯವರು ಸೇರಿ ಆ ವಾರದ ನೋಟವನ್ನು ಆರಿಸುತ್ತಾರೆ. ಒಂದು ವಾರ ಇಡೀ ಓಣಿ ಕೆಂಪು ಇಟ್ಟಿಗೆ, ಮರುವಾರ ಸಮುದ್ರ. ಹೊರಗಿನಿಂದ ಬಂದವರು ಊರು ಚೆಂದ ಎನ್ನುತ್ತಾರೆ. ಚೆಂದವೇ. ಆದರೆ ಹಾಳೆ ಕೂರಬೇಕಾದರೆ ಗೋಡೆ ಸಮತಟ್ಟಾಗಿರಬೇಕು. ಅದಕ್ಕೆ ಮೊದಲು ಉಬ್ಬಿದ್ದನ್ನೆಲ್ಲ ಉಳಿಯಿಂದ ಒಡೆದು ತೆಗೆಯುತ್ತೇವೆ.

ನಮ್ಮ ಬಾಗಿಲ ಮೇಲೆ ಅಪ್ಪ ಗಾರೆಯಲ್ಲಿ ಮಾಡಿದ ಎರಡು ಗಿಳಿಗಳಿದ್ದವು. ಒಂದರ ಕೊಕ್ಕು ಸೊಟ್ಟ. ನನ್ನ ತಾಯಿ ಪಾರವ್ವನಿಗೆ ಮರೆವು ಶುರುವಾಗಿ ನಾಲ್ಕು ವರ್ಷ. ಓಣಿಯ ಹೆಸರು, ಅಪ್ಪ ತೀರಿಹೋದದ್ದು ಎಲ್ಲ ಮರೆತರೂ ಗಿಳಿ ಕಂಡ ಕೂಡಲೇ ಚಪ್ಪಲಿ ಬಿಡುತ್ತಿದ್ದಳು. ಅವಳು ನನ್ನ ಅಕ್ಕನ ಊರಿಗೆ ಹೋಗಿದ್ದಾಗ, ಎಲ್ಲರ ಮನೆಗೂ ಹಾಳೆ ಹಾಕಿ ನಮ್ಮದನ್ನೇ ಬಿಟ್ಟರೆ ಹೇಗೆಂದು, ಗಿಳಿಗಳನ್ನು ನಾನೇ ಒಡೆದೆ. ಹತ್ತು ನಿಮಿಷದ ಕೆಲಸ.

ಮರಳಿ ಬಂದವಳು ಹೊಸ್ತಿಲ ಹೊರಗೇ ನಿಂತಳು.

"ಮಂದಿ ಮನಿಗೆ ಯಾಕ ಕರಕೊಂಡ ಬಂದೀಯೋ, ಫಕೀರ್ಯಾ?"

"ಯವ್ವಾ, ಇದ ನಮ್ಮನಿ. ಒಳಗ ಬಾ."

"ಹುಚ್ಚಪ್ಯಾಲಿ, ನಿನಗ ಮನಿನೂ ಮರ್ತೋತೇನು?" ಎಂದು ನಕ್ಕಳು.

ಮರುದಿನ ಹಾಳೆಯ ಮೇಲೆ ಗಿಳಿಗಳನ್ನು ಮೂಡಿಸಿದೆ, ಸೊಟ್ಟ ಕೊಕ್ಕಿನ ಸಮೇತ. ಬಹಳ ಹೊತ್ತು ನೋಡಿ, "ಇವು ರೆಕ್ಕಿ ಬಡೀತಾವ. ನಮ್ಮವು ಸುಮ್ನ ಕುಂದರ್ತಿದ್ದವು" ಎಂದಳು. ಹಾಳೆ ಕಿತ್ತು, ಗಾರೆ ಕಲಸಿ ಹೊಸ ಗಿಳಿ ಮಾಡಿದೆ. ನನ್ನ ಕೈ ಅಪ್ಪನ ಕೈಯಲ್ಲ. ಅವನ್ನು ಅವಳು ತಲೆಯೆತ್ತಿ ಸಹ ನೋಡಲಿಲ್ಲ.

ಈಗ ದಿನವೂ ಊಟವಾದ ಮೇಲೆ, ಅಡುಗೆ ಛಲೋ ಆಗಿತ್ತೆಂದು ನನ್ನ ಹೆಂಡತಿಗೆ ಹೇಳಿ, ಮನೆಗೆ ಹೊರಡುತ್ತಾಳೆ. ನಾನೂ ಜೊತೆಗೆ ಹೋಗುತ್ತೇನೆ. ಪ್ರತಿ ಮನೆಯ ಎದುರು ನಿಂತು ಬಾಗಿಲ ಮೇಲೆ ಹುಡುಕುತ್ತಾಳೆ. ಈ ವಾರ ಎಲ್ಲವೂ ಬಿಳಿ ಅಮೃತಶಿಲೆ. ದಣಿದ ಮೇಲೆ ಮರಳಿ ಕರೆತಂದರೆ, "ಇವತ್ತೊಂದಿನ ನಿಮ್ಮಲ್ಲೇ ಇರ್ತೀನವಾ" ಎಂದು ಸೊಸೆಗೆ ಸಂಕೋಚದಿಂದ ಹೇಳಿ ಒಳಗೆ ಬರುತ್ತಾಳೆ.

ನಿಮ್ಮಲ್ಲಿ ಒಂದು ಬೇಡಿಕೆ. ಮನೆಯ ಮುಂಭಾಗ ಬದಲಿಸುವ ಮುನ್ನ ಮನೆಯವರನ್ನೆಲ್ಲ ರಸ್ತೆಯ ಆಚೆ ನಿಲ್ಲಿಸಿ, ಏನು ಕಂಡರೆ ಮನೆ ಬಂತು ಅನಿಸುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಿ. ನಾನು ಕೆಲಸ ಮಾಡಿದ ನೂರಾ ಹನ್ನೊಂದು ಮನೆಗಳಲ್ಲಿ ಕೇಳಲಿಲ್ಲ. ನನ್ನ ಮನೆಯಲ್ಲೂ ಕೇಳಲಿಲ್ಲ.

ಫಕೀರೇಶ