ಸಾಹೇಬರ ಊಟ ಮುಗಿಯುವವರೆಗೆ

ಜನವರಿ ೧೮, ೧೯೩೪. ಗುರುವಾರ. ದುರ್ಗದ ತಪ್ಪಲು, ಕ್ಯಾಂಪ್.

ಕೋಳಿ ಬಂತು, ಸೋಡಾ ಬರಲಿಲ್ಲ. ಕೊರಟಗೆರೆಗೆ ಮತ್ತೆ ಗಾಡಿ ಕಳಿಸಿದೆ. ಮಾವಿನ ತೋಪಿನಲ್ಲಿ ಡೇರೆ ಎದ್ದಿವೆ. ಬೇಟೆಯ ಖರ್ಚೆಲ್ಲ ದೊಡ್ಡರಂಗಪ್ಪನವರದು... ಪಾವಗಡದ ಕಡೆಯ ಭಾರಿ ಜಮೀನ್ದಾರರು. ಬಂದೋಬಸ್ತು ಹೋಬಳಿಯ ಶೇಕ್‌ದಾರನಾದ ನನ್ನದು. ಬೇಟೆಗೆ ಬರುವ ಬೆಂಗಳೂರಿನ ದೊಡ್ಡ ಸಾಹೇಬರ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದರೆ ಬೇಸಿಗೆಯೊಳಗೆ ಅಮಲ್ದಾರನಾಗುತ್ತೇನೆ. ಮನೆಯಲ್ಲಿ ಹೆಂಡತಿಗೂ ಹೇಳಿ ಬಂದಿದ್ದೇನೆ.

ಅಡುಗೆಗೆ ಶಿರಾದ ಅಬ್ದುಲ್ ರಶೀದ್. ಕೈ ಒಳ್ಳೆಯದು, ಸಲಿಗೆ ಜಾಸ್ತಿ. ಜುಂಜಪ್ಪನನ್ನು ಕೂರಿಸಿಕೊಂಡು ಟೀ ಕೊಡುತ್ತಿದ್ದ — ಸಾಹೇಬರ ಪಿಂಗಾಣಿಯಲ್ಲಿ! ಜುಂಜಪ್ಪ ಎಂದರೆ ಪೊದೆ ಬಡಿದು ಮೃಗ ಎಬ್ಬಿಸುವ ಆಳುಗಳ ಮುಂದಾಳು. ಬಟ್ಟಲು ಕಿತ್ತು ನೆಲಕ್ಕೆ ಬಡಿದೆ.

ಜುಂಜಪ್ಪ ನಕ್ಕ. "ಬುಡಿ ಸ್ವಾಮಿ, ಚೂರು ನಾನೇ ಆಯ್ದಾಕ್ತೀನಿ. ಯಾರ ಕಾಲಿಗಾರಾ ಚುಚ್ಚೀತು."

ಬರಿಗೈಲಿ ಆಯ್ದ.

ಜನವರಿ ೧೯. ರಾತ್ರಿ.

ಸಾಹೇಬರು ಕಾರಿನಲ್ಲಿ ಬಂದರು. ಮೇಜು, ಬಿಳಿ ಬಟ್ಟೆ, ಮುಳ್ಳುಚಮಚ — ಎಲ್ಲ ನಾನೇ ಜೋಡಿಸಿದ್ದು. ಕೌಜುಗ ಹಕ್ಕಿಯ ಪಲಾವ್ ಮೆಚ್ಚಿದರು. ದೊಡ್ಡರಂಗಪ್ಪನವರಿಗೆ ಮುಳ್ಳುಚಮಚ ಹಿಡಿಯಲು ಬರುವುದಿಲ್ಲ. ಮೂಳೆ ತಟ್ಟೆಯಿಂದ ಹಾರಿ ನನ್ನ ಪಂಚೆಯ ಮೇಲೆ ಬಿತ್ತು. ಕಾಣದವನಂತೆ ನಿಂತಿದ್ದೆ.

ಕ್ಯಾಂಪಿನಲ್ಲಿ ದೊಡ್ಡರಂಗಪ್ಪನವರದೊಂದು ಕಟ್ಟಳೆ. ಅತಿಥಿ ಕೈ ತೊಳೆಯುವವರೆಗೆ ಯಾರೂ ಏಳಕೂಡದು, ಕೆಟ್ಟ ಸುದ್ದಿ ತರಕೂಡದು. ಹೋದ ವರ್ಷ ಊಟದ ನಡುವೆ ಎತ್ತು ಸತ್ತಿತು ಎಂದವನಿಗೆ ಬಾರುಕೋಲಿನ ಏಟು ಬಿದ್ದವಂತೆ. ಶಿಸ್ತು ಎಂದರೆ ಅದು.

ಜನವರಿ ೨೦. ಸಂಜೆ.

ಬರೆದೇಬಿಡುತ್ತೇನೆ.

ಬೆಳಿಗ್ಗೆ ಹಂದಿ ಎದ್ದಿತು. ಸಾಹೇಬರ ಗುಂಡು ಹಿಂಗಾಲಿಗೆ ತಗುಲಿತು, ಬೀಳಲಿಲ್ಲ. ಹಸಿವೆ ಎಂದು ಅವರು ಡೇರೆಗೆ ಮರಳಿದರು. ಗಾಯದ ಹಂದಿ ಆಳುಗಳ ಕಡೆ ತಿರುಗಿ ಜುಂಜಪ್ಪನ ತೊಡೆ ಸೀಳಿಬಿಟ್ಟಿತು. ಹೊತ್ತು ತಂದು ಅಡುಗೆ ಡೇರೆಯ ಹಿಂದೆ ಮಲಗಿಸಿದರು. ರಶೀದ್ ತನ್ನ ರುಮಾಲು ಬಿಚ್ಚಿ ಬಿಗಿದ. ನಿಲ್ಲಲಿಲ್ಲ ರಕ್ತ.

"ಸಾಬ್, ಗಾಡೀಲಿ ಹೋದ್ರೆ ಉಳಿಯೋದಿಲ್ಲ. ಕಾರು ಕೇಳಿ," ಎಂದ.

ಒಳಗೆ ಆಗಲೇ ಊಟ ಶುರುವಾಗಿತ್ತು. ದೊಡ್ಡರಂಗಪ್ಪನವರ ಕಿವಿಯಲ್ಲಿ ಹೇಳಿದೆ. ಅವರು ತಿರುಗಲೂ ಇಲ್ಲ. "ಆಮ್ಯಾಕೆ," ಎಂದರು, ನಗುತ್ತಲೇ. ಸಾಹೇಬರ ಕುರ್ಚಿಯ ಹಿಂದೆ ನನ್ನ ಜಾಗಕ್ಕೆ ಹೋಗಿ ನಿಂತೆ.

ಹೊರಗಿಂದ ನರಳಾಟ. ಸಾಹೇಬರು ತಲೆ ಎತ್ತಿದರು. "ಏನ್ರೀ ಅದು ಸದ್ದು?"

ನನ್ನನ್ನೇ ಕೇಳಿದ್ದು.

"ಬೇಟೆ ನಾಯಿ ಸ್ವಾಮಿ. ಸ್ವಲ್ಪ ಪೆಟ್ಟಾಗಿದೆ."

"ಪಾಪ. ಅದಕ್ಕೂ ಒಂದು ತುಂಡು ಹಾಕಿಸ್ರಿ." ಸಾಹೇಬರು ತಮ್ಮ ತಟ್ಟೆಯಿಂದಲೇ ಒಂದು ತುಂಡು ತೆಗೆದು, ಬಡಿಸಲು ಬಂದಿದ್ದ ರಶೀದನ ಕೈಗೆ ಕೊಟ್ಟರು. ಅವನು ಅಲ್ಲೇ ನಿಂತ. ಕಣ್ಣಲ್ಲೇ ಗದರಿದೆ. ಹೋಗಲಿಲ್ಲ.

"ಹುಜೂರ್, ಅದು ನಾಯಿ ಅಲ್ಲ. ಜುಂಜಪ್ಪ. ನೀವು ಹೊಡೆದ ಹಂದಿ ತೊಡೆ ಸೀಳಿದೆ. ಈ ಗೋಷ್ತ್ ತುಂಡು ಬೇಡ ಹುಜೂರ್, ಕಾರು ಕೊಡಿ."

ಸಾಹೇಬರು ಮುಳ್ಳುಚಮಚ ಕೆಳಗಿಟ್ಟರು. "ನನಗ್ಯಾಕೆ ಹೇಳಲಿಲ್ಲ?" ದೊಡ್ಡರಂಗಪ್ಪನವರು ನನ್ನನ್ನು ನೋಡಿದರು. ಕಾರು ಒಯ್ಯಲು ಹೇಳಿದರು ಸಾಹೇಬರು. ಡ್ರೈವರು ಸೀಟಿಗೆ ಕಲೆಯಾಗುತ್ತದೆ ಎಂದ. ಗೋಣಿಚೀಲ ಹುಡುಕಲು ಓಡಿದೆ. ಎರಡು ಸಾಲದು ಎಂದ. ಮತ್ತೆ ಓಡಿದೆ.

ಕಾರು ಹೊರಟ ಮೇಲೆ ದೊಡ್ಡರಂಗಪ್ಪನವರು ಪಾಯಸ ತರಿಸಿದರು. ಸಾಹೇಬರು ಬೇಡವೆನ್ನಲಿಲ್ಲ.

ಕೆರೆ ಏರಿ ದಾಟುವ ಮೊದಲೇ ಜುಂಜಪ್ಪ ಹೋಗಿಬಿಟ್ಟ.

ಜನವರಿ ೨೧.

ಸಾಹೇಬರು ಬೆಳಿಗ್ಗೆಯೇ ಹೊರಟರು. "ಬಂದೋಬಸ್ತು ಚೆನ್ನಾಗಿತ್ತು," ಎಂದು ಕೈ ಕುಲುಕಿದರು.

ಕಾರು ಮರೆಯಾದ ಮೇಲೆ ರಶೀದನನ್ನು ಮಾವಿನ ಮರಕ್ಕೆ ಕಟ್ಟಿಸಿದರು. ಬಾರುಕೋಲು ದೊಡ್ಡರಂಗಪ್ಪನವರೇ ಹಿಡಿದರು. "ಊಟದ ಡೇರೇಲಿ ಬಾಯಿ ಬುಡ್ತೀಯೇನ್ಲಾ? ಬುಡ್ತೀಯಾ?" ಅವನು ಕೂಗಲಿಲ್ಲ. ಹಗ್ಗ ಬಿಚ್ಚಿದ ಮೇಲೆ ಅಂಗಿಯನ್ನು ಹೆಗಲಿಗೆ ಹಾಕಿಕೊಂಡ. ನನ್ನ ಹತ್ತಿರ ಬಂದು ಒಂದು ಗಳಿಗೆ ಮುಖ ನೋಡಿ, ನಡೆದುಹೋದ. ಉಗಿದಿದ್ದರೂ ವಾಸಿಯಿತ್ತು.

ದೊಡ್ಡರಂಗಪ್ಪನವರು ಜುಂಜಪ್ಪನ ಹಟ್ಟಿಗೆ ಸುದ್ದಿ ಕಳಿಸಿದ್ದಾರೆ: ಶೇಕ್‌ದಾರರೇ ಮುಂದೆ ನಿಂತು ಕಾರು ಕೊಡಿಸಿದರು ಎಂದು. ನನಗೂ ಅದೇ ಹೇಳಿದರು. "ನಿಮ್ಗೂ ಒಳ್ಳೇದು, ನನ್ಗೂ ಒಳ್ಳೇದು ಕಣ್ರೀ."

ಅಲ್ಲ ಎನ್ನಲಿಲ್ಲ ನಾನು.

ಫೆಬ್ರವರಿ ೪. ಭಾನುವಾರ. ಕೊರಟಗೆರೆ, ಮನೆ.

ಊಟಕ್ಕೆ ಕೂತಿದ್ದೆ. ಜುಂಜಪ್ಪನ ಹೆಂಡತಿ ಬೊಮ್ಮಕ್ಕ ಬಂದಳು. ತಿಥಿ ಮುಗಿಸಿ ನಡೆದೇ ಬಂದಿದ್ದಾಳೆ. ಮಡಿಲಲ್ಲಿ ಅವರೆಕಾಯಿ. ಜಗಲಿಯ ಮೇಲೆ ಸುರಿದಳು. ನನ್ನ ಹೆಂಡತಿಗೆ ಹಿಗ್ಗು. "ನಮ್ಮವರು ಹಾಗೇ ಕಣಮ್ಮ, ಯಾರ ಕಷ್ಟವನ್ನೂ ನೋಡಲಾರರು," ಎಂದಳು.

ಬೊಮ್ಮಕ್ಕ ನನ್ನ ಕಡೆ ತಿರುಗಿದಳು. "ನೀವು ಪಕ್ಕದಾಗೇ ಇದ್ರಂತೆ ಸ್ವಾಮಿ. ನಮ್ಮ ಯಜಮಾನ್ರು ಬಾಳ ನರಳಿದ್ರಾ?"

"ಇಲ್ಲಮ್ಮ. ಸದ್ದೇ ಇರಲಿಲ್ಲ. ನಿದ್ದೆ ಹೋದಂಗೆ ಹೋದ."

ಬೊಮ್ಮಕ್ಕ ಜಗಲಿಯ ಅಂಚಿಗೆ ಕೂತಳು.

"ರಶೀದ್ ಸಾಬ್ರು ಹಟ್ಟಿಗೆ ಬಂದಿದ್ರು. ಬೆನ್ನು ತೋರ್ಸಿದ್ರು. ಎಲ್ಲಾ ಹೇಳ್ಬುಟ್ಟು ಹೋದ್ರು." ದನಿ ಏರಲಿಲ್ಲ. "ನಾಯಿ ಅಂದೋರು ನೀವಂತೆ. ನಿಮ್ಮ ಬಾಯಾಗೆ ನಿಜ ಬತ್ತದೇನೋ ಅಂತ ಕೇಳ್ದೆ, ಅಷ್ಟೆ."

ಬಾಗಿಲು ಕಾಯುತ್ತಿದ್ದ ತಳವಾರನಿಗೆ ಹೇಳಿದೆ, ಕಳಿಸೋ ಈ ಹೆಂಗಸನ್ನ ಎಂದು. ಅವನು ಕಂಬಕ್ಕೆ ಒರಗಿ ನಿಂತವನು ಅಲ್ಲಾಡಲಿಲ್ಲ. ಎರಡನೆಯ ಸಲ ಕಿರುಚಿದೆ. ಬೊಮ್ಮಕ್ಕನೇ ಎದ್ದಳು. ಅವರೆಕಾಯಿಯನ್ನು ಒಂದೊಂದಾಗಿ ಮಡಿಲಿಗೆ ವಾಪಸ್ ತುಂಬಿಕೊಂಡಳು. ಆತುರವಿರಲಿಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು.

ಹೆಂಡತಿಯ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತ್ತು. "ಏನಂದ್ರಿ ನೀವು ಅಲ್ಲಿ?" ಎಂದಳು. "ನನಗೆ ಹೇಳಿ. ಏನಂದ್ರಿ?"

ನಾನು "ಮೊದಲು ಊಟ ಮುಗೀಲಿ, ಸಾರು ಬಡಿಸು," ಎಂದೆ.