ಮಲಗಿದ್ದನ್ನು ಎಬ್ಬಿಸುವ ಔಷಧ

ಅಕ್ಕಾ,

ಇದು ನಿನ್ನ ಕೈಗೆ ಬರಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

ಇವತ್ತು ಆಸ್ಪತ್ರೇಲಿ ಎಚ್‌ಐವಿಗೆ ಹೊಸ ಔಷಧದ ಪರೀಕ್ಷೆಗೆ ನನ್ನನ್ನೂ ಸೇರಿಸ್ಕೋತೀವಿ ಅಂದ್ರು. ದಿನಾ ನುಂಗೋ ಮಾತ್ರೆಗೆ ಸಿಗದೆ ಒಂದಿಷ್ಟು ವೈರಸ್ಸು ಜೀವಕೋಶದೊಳಗೆ ಮಲಗಿರುತ್ತಂತೆ. ಒಂದು ಔಷಧ ಅದನ್ನ ಎಬ್ಬಿಸುತ್ತಂತೆ, ಇನ್ನೊಂದು ಕೊಲ್ಲುತ್ತಂತೆ.

"ತೆಪ್ಪಗೆ ಮಲಗಿರೋದನ್ನ ಯಾಕೆ ಸಾರ್ ಕೆಣಕಬೇಕು? ಎದ್ದದ್ದು ಸಾಯದೇ ಹೋದ್ರೆ?" ಅಂದೆ.

ಡಾಕ್ಟ್ರು ನಕ್ಕರು. "ನಮಗೂ ಅದೇ ತಲೆನೋವು ಕಣಮ್ಮ. ಎಬ್ಬಿಸೋದು ಕಲ್ತಿದ್ದೀವಿ, ಕೊಲ್ಲೋದು ಇನ್ನೂ ಪೂರ್ತಿ ಬಂದಿಲ್ಲ."

ಸುಳ್ಳು ಹೇಳಲಿಲ್ಲವಲ್ಲ ಅಂತ ಒಪ್ಕೊಂಡೆ. ಸೂಜಿ ಕಂಡ್ರೆ ಬೆವರೋಳು ನಾನು, ನಿನಗೆ ಗೊತ್ತಲ್ಲ.

ಔಷಧ ತಗೊಂಡ ಮೇಲೆ ಕೆಲವು ದಿನ ಜೊತೆಗೆ ಒಬ್ಬರು ಇರಲೇಬೇಕು ಅಂದಳು ನರ್ಸ್. "ಅಕ್ಕ ಬರ್ತಾಳೆ" ಅಂದ್ಬಿಟ್ಟೆ. ಅವಳು ನಂಬರ್ ಕೇಳಿ ಅಲ್ಲೇ ಫೋನ್ ಮಾಡಿದಳು. ನೀನು "ಹಲೋ, ಯಾರು?" ಅಂದದ್ದು ನನಗೂ ಕೇಳಿಸ್ತು. ಶೀತ ಆಗಿದೆಯಾ ನಿನಗೆ? ಭಾವ ಪಕ್ಕದಲ್ಲಿದ್ರೆ, ನನ್ನಿಂದ ನಿನ್ನ ಸಂಸಾರದಲ್ಲಿ ಮತ್ತೆ ರಾದ್ಧಾಂತ ಆದ್ರೆ ಅಂತ ಗಾಬರಿಯಾಗಿ ನಾನೇ ಕಿತ್ಕೊಂಡು ಕಟ್ ಮಾಡಿದೆ.

ಜೊತೆಗೆ ಯಾರೂ ಇಲ್ಲದವರನ್ನ ಸೇರಿಸ್ಕೊಳ್ಳಲ್ಲವಂತೆ. ಹೋಗ್ಲಿ ಬಿಡು.

ನಾನು ಏಳೋಷ್ಟರಲ್ಲಿ ನೀನೇ ತಿರುಗಿ ಫೋನ್ ಮಾಡಿದೆ. ಏನು ಹೇಳ್ಲಿ ಅಂತ ನರ್ಸ್ ನನ್ನ ಮುಖ ನೋಡಿದಳು.

"ರಾಂಗ್ ನಂಬರ್ ಅನ್ನಿ" ಅಂದೆ.